ಅವರದು ಕ್ರಾಫ್ಟ್, ನಮ್ಮದು ಕಳ್ಳಭಟ್ಟಿ

‘ಅಬಕಾರಿ ದಾಳಿ: ಬೆಲ್ಲದ ಕೊಳೆ ನಾಶ.’

ಬಳ್ಳಾರಿ, ವಿಜಯನಗರ ಜಿಲ್ಲೆಗಳ ಪೇಪರ್ ಓದುವವರಿಗೆ ಈ ತಲೆಬರಹ ಬಾಯಿಪಾಠ. ನಾಲ್ಕೇ ಸಾಲಿನ ಸುದ್ದಿ. ಇಂಥ ತಾಂಡಾ, ಇಷ್ಟು ಕೊಡ, ಇಷ್ಟು ಲೀಟರ್ ಕೊಳೆ, ಒಬ್ಬರ ಮೇಲೆ ಪ್ರಕರಣ. ಜೊತೆಗೊಂದು ಫೋಟೊ: ನೆಲಕ್ಕೆ ಚೆಲ್ಲಿದ ಕೊಳೆ, ಪಕ್ಕದಲ್ಲಿ ಸಾಲಾಗಿ ನಿಂತ ಸಿಬ್ಬಂದಿ.

ಬೆಂಗಳೂರಿನಲ್ಲಿ ಇನ್ನೊಂದು ಥರದ ಕೊಳೆ ಇದೆ. ಅದು ಗಾಜಿನ ಗೋಡೆಯ ಹಿಂದೆ, ಥಳಥಳ ಹೊಳೆಯುವ ಸ್ಟೀಲ್ ಟ್ಯಾಂಕಿನೊಳಗೆ ಇರುತ್ತದೆ. ಬೆಲ್ಲದ ಬದಲು ಬಾರ್ಲಿ, ಕೊಡದ ಬದಲು ಟ್ಯಾಂಕು. ನೀರಿನಲ್ಲಿ ಸಿಹಿ ಕರಗಿಸಿ ಹುಳಿ ಬರಿಸುವ ಕೆಲಸ ಮಾತ್ರ ಎರಡೂ ಕಡೆ ಒಂದೇ. ಅದಕ್ಕೆ ‘ಕ್ರಾಫ್ಟ್ ಬಿಯರ್’ ಅಂತ ಹೆಸರು. ಅದನ್ನು ನೋಡುತ್ತ ಕುಡಿಯಲು ಜನ ದುಡ್ಡು ಕೊಟ್ಟು ಹೋಗುತ್ತಾರೆ. ಅದರ ಬಗ್ಗೆಯೂ ಪೇಪರಿನಲ್ಲಿ ಬರುತ್ತದೆ, ಭಾನುವಾರದ ಪುರವಣಿಯಲ್ಲಿ, ಬಣ್ಣದ ಫೋಟೊ ಸಮೇತ.

ಮೊದಲೇ ಹೇಳಿಬಿಡುತ್ತೇವೆ: ನಾವು ಕುಡಿತದ ವಕೀಲರಲ್ಲ. ಹೊಸಪೇಟೆ, ಸಂಡೂರು, ಕಂಪ್ಲಿ ಅಂತ ಸುದ್ದಿಗೆ ಸುತ್ತುವ ನಮಗೆ ಕುಡಿತ ಮನೆಗಳನ್ನು ಏನು ಮಾಡುತ್ತದೆ ಅನ್ನುವುದನ್ನು ಯಾರೂ ಹೇಳಿಕೊಡಬೇಕಿಲ್ಲ. ನಮ್ಮ ಜಗಳ ಬೇರೆ. ಮದ್ಯದ ಕಾನೂನು ಅಳೆಯಬೇಕಾದದ್ದು ಕುಡಿದವನಿಗೆ ಆಗುವ ಹಾನಿಯನ್ನು. ಕರ್ನಾಟಕದಲ್ಲಿ ಅದು ಅಳೆಯುತ್ತಿರುವುದು ಮಾಡುವವನ ಬಂಡವಾಳವನ್ನು. ದೊಡ್ಡವನು ಮಾಡಿದರೆ ಆದಾಯ, ಸಣ್ಣವನು ಮಾಡಿದರೆ ಅಪರಾಧ.

ಒಂದೇ ವರ್ಷ, ಎರಡು ನ್ಯಾಯ

2007ನ್ನು ನೆನಪಿಸಿಕೊಳ್ಳಿ. ಆ ವರ್ಷ ಜುಲೈ 1ರಿಂದ ರಾಜ್ಯದಲ್ಲಿ ಸಾರಾಯಿ ಬಂದ್ ಆಯಿತು. ಬಡವರ ಮನೆ ಉಳಿಸಲು ಸಾರಾಯಿ ನಿಲ್ಲಿಸುತ್ತಿದ್ದೇವೆ ಅಂದರು. ಹೆಣ್ಣುಮಕ್ಕಳು ಖುಷಿಪಟ್ಟರು, ಅದರಲ್ಲಿ ತಪ್ಪೇನಿಲ್ಲ.

ಅದೇ 2007ರ ಹೆಸರಿನಲ್ಲೇ ಇನ್ನೊಂದು ನೀತಿಯೂ ಇದೆ: ಕರ್ನಾಟಕ ದ್ರಾಕ್ಷಿ ಸಂಸ್ಕರಣೆ ಮತ್ತು ವೈನ್ ನೀತಿ. ದ್ರಾಕ್ಷಿ ಬೆಳೆಗಾರರಿಗೆ ಅನುಕೂಲ ಆಗಲಿ, ವೈನ್ ಘಟಕಗಳು ಬರಲಿ ಅಂತ ಸರ್ಕಾರ ಮಂಡಳಿ ಮಾಡಿತು, ವೈನ್ ಮಾರಾಟಕ್ಕೆ ಬೇರೆ ಪರವಾನಗಿ ತಂದಿತು, ಮುಂದೆ ವೈನ್ ಮೇಳಗಳೂ ನಡೆದವು. ದ್ರಾಕ್ಷಿ ಕೊಳೆತರೆ ಕೃಷಿ ಉತ್ಪನ್ನದ ಮೌಲ್ಯವರ್ಧನೆ. ಬೆಲ್ಲ ಕೊಳೆತರೆ ಪ್ರಕರಣ ದಾಖಲು.

ಅದಕ್ಕೂ ಮೂರು ವರ್ಷ ಮೊದಲು, 2004ರಲ್ಲಿ, ದಕ್ಷಿಣ ಕನ್ನಡ ಮತ್ತು ಉಡುಪಿ ಬಿಟ್ಟು ಉಳಿದ ಜಿಲ್ಲೆಗಳಲ್ಲಿ ಸೇಂದಿ ಇಳಿಸುವುದನ್ನು ನಿಲ್ಲಿಸಲಾಗಿತ್ತು. ಸೇಂದಿ ಹೋಯಿತು, ಸಾರಾಯಿ ಹೋಯಿತು. ಆಮೇಲೆ 2010ರ ಆಸುಪಾಸಿನಲ್ಲಿ ಬೆಂಗಳೂರಿಗೆ ಮೈಕ್ರೋಬ್ರೂವರಿ ಬಂತು. ಟಾಯ್ಟ್, ದಿ ಬಿಯೆರ್ ಕ್ಲಬ್ ಅಂತ ಶುರುವಾದದ್ದು ಇವತ್ತು ಡಜನ್‌ಗಟ್ಟಲೆ ಆಗಿ, ದೇಶದ ಕ್ರಾಫ್ಟ್ ಬಿಯರ್ ರಾಜಧಾನಿ ಅನ್ನುವ ಹೆಸರು ಬೆಂಗಳೂರಿಗೆ ಬಂದಿದೆ. ನಮಗೆ ಹೊಟ್ಟೆಕಿಚ್ಚಿಲ್ಲ. ಆದರೆ ಸಣ್ಣ ಪ್ರಮಾಣದಲ್ಲಿ, ಅಲ್ಲೇ ತಯಾರಿಸಿ, ಅಲ್ಲೇ ಮಾರುವ ಮದ್ಯಕ್ಕೆ ನಿಯಮ ಬರೆಯಲು ಈ ಸರ್ಕಾರಕ್ಕೆ ಬರುತ್ತದೆ ಅನ್ನುವುದು ಅದರಿಂದ ಸಾಬೀತಾಯಿತಲ್ಲ? ಬಾರ್ಲಿಗೆ ಬರೆಯಲು ಬಂದ ಕೈಗೆ ಈಚಲಿಗೆ ಬರೆಯಲು ಯಾಕೆ ಬರುವುದಿಲ್ಲ?

ನಿಯಮ ಬದಲಾಯಿಸಲು ಸಮಯ ಬೇಕು ಅನ್ನುವವರಿಗೆ 2020ರ ಲಾಕ್‌ಡೌನ್ ನೆನಪಿಸಬೇಕು. ಆಗ ಬೆಂಗಳೂರಿನ ಟ್ಯಾಂಕುಗಳಲ್ಲಿ ಬಿಯರ್ ಕೆಟ್ಟುಹೋಗುತ್ತದೆ ಅಂತ ಮಾಲೀಕರು ಮನವಿ ಮಾಡಿದರು. ಅಲ್ಲೇ ಕುಡಿಯಬೇಕು ಅನ್ನುವ ನಿಯಮ ಸಡಿಲಿಸಿ, ಸ್ವಲ್ಪ ಕಾಲದ ಮಟ್ಟಿಗೆ ಪಾರ್ಸೆಲ್ ಒಯ್ಯಲು ಬೇಗನೆ ಅನುಮತಿ ಸಿಕ್ಕಿತು. ಸೇಂದಿ ಇಳಿಸುವವರ ಮನವಿಗೆ ಇಪ್ಪತ್ತು ವರ್ಷ ದಾಟಿದೆ. ಆನೆ ನಡೆದದ್ದೇ ದಾರಿ, ಇರುವೆಗೆ ಮಾತ್ರ ಗೇಟ್ ಪಾಸ್.

ಪಾಕೀಟಿನ ರಾಜ್ಯಭಾರ

ಸೇಂದಿ ಮತ್ತು ಸಾರಾಯಿ ಹೋದ ಜಾಗಕ್ಕೆ ಹಳ್ಳಿಗೆ ಬಂದದ್ದೇನು? ಮಜ್ಜಿಗೆ ಬರಲಿಲ್ಲ. ಪಾಕೀಟು ಬಂತು.

ಕಾಗದದಲ್ಲಿ ನೋಡಿದರೆ ಎಲ್ಲ ಬಿಗಿ. 2003ರಿಂದ ಪ್ರತಿ ಬಾಟಲಿಯೂ ಕರ್ನಾಟಕ ರಾಜ್ಯ ಪಾನೀಯ ನಿಗಮದ ಡಿಪೊ ಮೂಲಕವೇ ಅಂಗಡಿಗೆ ಹೋಗಬೇಕು. ಹೊಸ ವೈನ್‌ಶಾಪ್, ಬಾರ್ ಪರವಾನಗಿ ಕೊಡುವುದನ್ನು 1992ರಲ್ಲೇ ನಿಲ್ಲಿಸಿದ್ದಾರೆ. ಆದರೂ ವೈನ್‌ಶಾಪ್ ಇಲ್ಲದ ಊರಿನ ಕಿರಾಣಿ ಅಂಗಡಿಯಲ್ಲಿ, ಚಹಾದಂಗಡಿಯಲ್ಲಿ, ಪಾನ್ ಡಬ್ಬಾದಲ್ಲಿ ಪಾಕೀಟು ಸಿಗುತ್ತದೆ. ಮುದ್ರಿತ ಬೆಲೆಗೆ ಮೇಲೆ ಹತ್ತೋ ಇಪ್ಪತ್ತೋ. ನಿಮ್ಮ ಊರಲ್ಲಿ ಸಿಗುವುದಿಲ್ಲ ಅಂದರೆ ನೀವು ಪುಣ್ಯವಂತರು, ನಮಗೊಂದು ಮೆಸೇಜ್ ಹಾಕಿ, ಆ ಊರಿನ ಬಗ್ಗೆಯೇ ಸುದ್ದಿ ಮಾಡುತ್ತೇವೆ.

ಈ ಪಾಕೀಟಿನಲ್ಲಿ ಏನಿದೆ? ಹೆಚ್ಚಿನ ಅಗ್ಗದ ಮದ್ಯಕ್ಕೆ ಮೂಲ ಸಕ್ಕರೆ ಕಾರ್ಖಾನೆಯ ಕಾಕಂಬಿ. ಅದರಿಂದ ತೆಗೆದ ಸ್ಪಿರಿಟ್‌ಗೆ ನೀರು, ಬಣ್ಣ, ವಾಸನೆ ಸೇರಿಸಿ ವಿಸ್ಕಿ ಅನ್ನುತ್ತಾರೆ, ರಮ್ ಅನ್ನುತ್ತಾರೆ. ಲೇಬಲ್ ಮೇಲೆ ನೋಡಿ, ಆಲ್ಕೋಹಾಲ್ 42.8 ಶೇಕಡಾ. ಒಂದು ಕ್ವಾರ್ಟರ್ ಅಂದರೆ 180 ಎಂ.ಎಲ್. ಅದರೊಳಗೆ ಸುಮಾರು 77 ಎಂ.ಎಲ್. ಶುದ್ಧ ಆಲ್ಕೋಹಾಲ್. ಸೇಂದಿಯಲ್ಲಿ ಶೇಕಡಾ ಐದರ ಆಸುಪಾಸು. ಅಂದರೆ ಒಂದು ಕ್ವಾರ್ಟರಿನಷ್ಟು ಅಮಲು ಏರಬೇಕಾದರೆ ಒಂದೂವರೆ ಲೀಟರ್ ಸೇಂದಿ ಕುಡಿಯಬೇಕು. ಕಡಿಮೆ ಅಮಲಿನದನ್ನು ಮರದಿಂದ ಇಳಿಸಿ, ಜಾಸ್ತಿ ಅಮಲಿನದನ್ನು ಕಿರಾಣಿ ಅಂಗಡಿಗೆ ಏರಿಸಿದ್ದೇವೆ. ಇದಕ್ಕೆ ಜನಹಿತ ಅಂತ ಹೆಸರು.

ಜನಹಿತದ ಲೆಕ್ಕ ಬಜೆಟ್ ಪುಸ್ತಕದಲ್ಲಿದೆ. 2025-26ಕ್ಕೆ ಅಬಕಾರಿ ಇಲಾಖೆಗೆ ಕೊಟ್ಟ ಗುರಿ 40,000 ಕೋಟಿ ರೂಪಾಯಿ. ಗುರಿ ಅನ್ನುವ ಶಬ್ದವನ್ನು ಗಮನಿಸಿ. ಸಂವಿಧಾನದ 47ನೇ ವಿಧಿ ಮಾದಕ ಪಾನೀಯ ಕಡಿಮೆ ಮಾಡಲು ಪ್ರಯತ್ನಿಸಿ ಅನ್ನುತ್ತದೆ. ಬಜೆಟ್ ಜಾಸ್ತಿ ಮಾಡಿ ಅನ್ನುತ್ತದೆ. 2023ರ ಜುಲೈ ಬಜೆಟ್‌ನಲ್ಲಿ ಎಲ್ಲ ಸ್ಲ್ಯಾಬಿನ ಮದ್ಯಕ್ಕೂ ಹೆಚ್ಚುವರಿ ಸುಂಕ ಶೇಕಡಾ 20 ಏರಿಸಿದರು. 2024ರಲ್ಲಿ ದುಬಾರಿ ಬ್ರಾಂಡುಗಳ ಸುಂಕ ಇಳಿಸಿದರು. ನೆರೆಯ ರಾಜ್ಯದಲ್ಲಿ ಅಗ್ಗ ಇದೆಯಂತೆ, ಶ್ರೀಮಂತರು ಅಲ್ಲಿಂದ ತರುತ್ತಾರಂತೆ. ಬಡವನಿಗೆ ಗಡಿ ದಾಟಿ ತರುವ ಕಾರಿಲ್ಲ. ಅವನ ಪಾಕೀಟಿಗೆ ಆ ಕರುಣೆ ಸಿಗಲಿಲ್ಲ.

ಗೃಹಲಕ್ಷ್ಮಿಯ 2,000 ರೂಪಾಯಿ ಹೆಂಡತಿಯ ಖಾತೆಗೆ ಬರುತ್ತದೆ, ಒಳ್ಳೆಯದು. ಗಂಡನಿಂದ ದಿನಕ್ಕೆ 70 ರೂಪಾಯಿ ಪಾಕೀಟಿಗೆ ಹೋದರೆ ತಿಂಗಳಿಗೆ 2,100. ಬಲಗೈಯಲ್ಲಿ ಕೊಟ್ಟದ್ದು ಎಡಗೈಗೆ ವಾಪಸ್, ನೂರು ರೂಪಾಯಿ ಬಡ್ಡಿ ಸಮೇತ.

ಈಚಲ ಮರದ ಕೆಳಗೆ

ಈಚಲ ಮರದ ಕೆಳಗೆ ಕೂತು ಮಜ್ಜಿಗೆ ಕುಡಿದರೂ ಹೆಂಡ ಅನ್ನುತ್ತಾರೆ ಅನ್ನುವ ಗಾದೆ ನಮ್ಮದೇ. ಹಳ್ಳದ ದಂಡೆಯಲ್ಲಿ, ಹೊಲದ ಬದುವಿನಲ್ಲಿ ತಾನಾಗೇ ಬೆಳೆಯುವ ಈಚಲಿಗೆ ಇವತ್ತು ಪೊರಕೆ ಮತ್ತು ಚಾಪೆ ಬಿಟ್ಟರೆ ಬೇರೆ ಉಪಯೋಗ ಉಳಿದಿಲ್ಲ. ಮರ ಹತ್ತುವ ಕಸುಬು ಗೊತ್ತಿದ್ದ ತಲೆಮಾರು ಮುದುಕಾಗಿದೆ. ಅವರ ಮಕ್ಕಳಿಗೆ ಮರ ಏರುವುದು ಗೊತ್ತಿಲ್ಲ. ಕಸುಬು ಕಿತ್ತುಕೊಂಡವರು ಬದಲಿ ಕಸುಬು ಕೊಟ್ಟ ಲೆಕ್ಕ ನಮಗೆ ಸಿಕ್ಕಿಲ್ಲ. 2023ರ ಆರಂಭದಲ್ಲಿ ಈಡಿಗ ಸಮುದಾಯದ ಪ್ರಣವಾನಂದ ಸ್ವಾಮೀಜಿ ಮಂಗಳೂರಿನಿಂದ ಬೆಂಗಳೂರಿಗೆ ಪಾದಯಾತ್ರೆ ಮಾಡಿದಾಗ ಇಟ್ಟ ಬೇಡಿಕೆಗಳಲ್ಲಿ ಸೇಂದಿಯೂ ಇತ್ತು. ಕಾಲು ಸವೆದವು, ಕಡತ ಮಾತ್ರ ಕದಲಲಿಲ್ಲ.

ಸರ್ಕಾರದ ವಾದ ನಮಗೆ ಗೊತ್ತು. ಸೇಂದಿಗೆ ಸಿ.ಎಚ್. ಪೌಡರ್ ಕಲಬೆರಕೆ ಮಾಡುತ್ತಾರೆ, ಜನ ಅದಕ್ಕೆ ದಾಸರಾಗುತ್ತಾರೆ, ಬಿಟ್ಟರೆ ಹುಚ್ಚು ಹಿಡಿದಂತೆ ಆಡುತ್ತಾರೆ. ನಿಜ. ಆದರೆ ನಿಷೇಧದಿಂದ ಆ ಪೌಡರ್ ನಿಂತಿತೇ? ರಾಯಚೂರು ಕಡೆಯ ಸುದ್ದಿ ಓದಿ, ಈಗಲೂ ಸಿ.ಎಚ್. ಪೌಡರ್ ಸೇಂದಿಯ ದಾಳಿಗಳೇ. ಮರದ ಸೇಂದಿ ನಿಂತಿತು, ಪೌಡರಿನ ಸೇಂದಿ ಉಳಿಯಿತು. ಹಾಲಿಗೆ ನೀರು ಬೆರೆಸುತ್ತಾರೆ ಅಂತ ಎಮ್ಮೆ ಸಾಕುವುದನ್ನು ನಿಷೇಧಿಸುತ್ತೀರೇನ್ರಿ? ಡೇರಿಯಲ್ಲಿ ಹಾಲು ಪರೀಕ್ಷೆ ಮಾಡುತ್ತೀರಿ.

ಬಳ್ಳಾರಿ ದಾಟಿ ರಾಯದುರ್ಗದ ಕಡೆಗೋ ಗುಂತಕಲ್ಲಿನ ಕಡೆಗೋ ಹೋದರೆ ಆಂಧ್ರ. ಅಲ್ಲಿ ಸೇಂದಿ ಇಳಿಸುವವರ ಸಹಕಾರ ಸಂಘಗಳಿಗೆ ಪರವಾನಗಿ ಕೊಡುವ ಪದ್ಧತಿ ಇದೆ. ತೆಲಂಗಾಣದಲ್ಲೂ ಇದೆ. ನಮ್ಮದೇ ಉಡುಪಿ, ದಕ್ಷಿಣ ಕನ್ನಡದಲ್ಲಿ ಕಳ್ಳು ಕಾನೂನುಬದ್ಧ. ಅದೇ ರಾಜ್ಯ, ಅದೇ 1965ರ ಅಬಕಾರಿ ಕಾಯ್ದೆ. ಕರಾವಳಿಯವನ ಕಳ್ಳು ಸಂಸ್ಕೃತಿ, ಕಲ್ಯಾಣ ಕರ್ನಾಟಕದವನ ಸೇಂದಿ ಕಲಬೆರಕೆ. ಇದನ್ನು ಯಾವ ತಕ್ಕಡಿಯಲ್ಲಿ ತೂಗಿದರು?

ಕಂಪ್ಲಿಯ ಬೆಲ್ಲ, ಹಂಪಿಯ ಬಾಳೆ

ಹೊಸಪೇಟೆ, ಕಂಪ್ಲಿ ಅಂದರೆ ಕಾಲುವೆ ನೀರು, ಕಬ್ಬು, ಬಾಳೆ, ಭತ್ತ. ಬಸವಣ್ಣ ಕಾಲುವೆಯಂಥವು ವಿಜಯನಗರದ ಅರಸರ ಕಾಲದವು, ಇವತ್ತಿಗೂ ಹೊಲಕ್ಕೆ ನೀರು ಕೊಡುತ್ತವೆ. ಹೊಸಪೇಟೆ ಚಿತ್ತವಾಡ್ಗಿಯ ಐಎಸ್‌ಆರ್ ಸಕ್ಕರೆ ಕಾರ್ಖಾನೆ ಮುಚ್ಚಿ ದಶಕವಾಗುತ್ತ ಬಂತು. ಆಮೇಲೆ ಕಬ್ಬು ಬೆಳೆಗಾರನಿಗೆ ಎರಡೇ ದಾರಿ. ಲಾರಿ ಬಾಡಿಗೆ ತೆತ್ತು ದೂರದ ಕಾರ್ಖಾನೆಗೆ ಕಳಿಸಬೇಕು, ಇಲ್ಲ ಆಲೆಮನೆಗೆ ಹೊಡೆಯಬೇಕು. ಬೆಲ್ಲದ ರೇಟು ಬಿದ್ದರೆ ಕೊಪ್ಪರಿಗೆ ಕೆಳಗಿನ ಉರಿಯ ಖರ್ಚೂ ಗಿಟ್ಟುವುದಿಲ್ಲ. ಬಾಳೆಯದೂ ಅದೇ ಕತೆ. ಹಂಪಿ ಸೀಮೆಯ ಸುಗಂಧಿ ಬಾಳೆ ಗಾಳಿಗೆ ಬಿದ್ದರೆ, ರೇಟು ಇಳಿದರೆ, ಗೊನೆ ಗಿಡದಲ್ಲೇ ಹಣ್ಣಾಗಿ ದನದ ಪಾಲಾಗುತ್ತದೆ.

ಈಗ ಮೈಸೂರಿನ ಕಡೆ ನೋಡಿ. ನಂಜನಗೂಡು ಸೀಮೆಯ ಒಂದು ಸಣ್ಣ ಡಿಸ್ಟಿಲರಿಯಿಂದ 2025ರಲ್ಲಿ ‘ಹುಲಿ’ ಅನ್ನುವ ಹೆಸರಿನ ಬೆಲ್ಲದ ರಮ್ ಮಾರುಕಟ್ಟೆಗೆ ಬಂತು. ಕಾಕಂಬಿಯದಲ್ಲ, ಅಪ್ಪಟ ಬೆಲ್ಲದ್ದು. ಇದಕ್ಕೆ ಅನುಮತಿ ಪಡೆಯಲು ಅವರಿಗೆ ವರ್ಷಗಳೇ ಹಿಡಿದವು. ಬೆಂಗಳೂರಿನ ಅಮೃತ್ ಕಂಪನಿ 1948ರಿಂದ ಇರುವುದು, 2004ರಲ್ಲಿ ಸ್ಕಾಟ್ಲೆಂಡಿನ ಗ್ಲಾಸ್ಗೋದಲ್ಲೇ ತನ್ನ ವಿಸ್ಕಿ ಬಿಡುಗಡೆ ಮಾಡಿ ಹೆಸರು ಮಾಡಿದ್ದು. ಅವರೂ ‘ಬೆಲ್ಲ’ ಅಂತಲೇ ಹೆಸರಿಟ್ಟು ಬೆಲ್ಲದ ರಮ್ ತಂದರು. ಎರಡನ್ನೂ ದೂರಲು ನಾವು ಹೊರಟಿಲ್ಲ. ಕಷ್ಟಪಟ್ಟು ಬಾಗಿಲು ತೆರೆಸಿದವರಿಗೆ ಶಹಬ್ಬಾಸ್. ಕೇಳುವುದಿಷ್ಟೇ: ಬೆಲ್ಲದಿಂದ ಒಳ್ಳೆಯ, ಸುರಕ್ಷಿತ, ಬೆಲೆ ಬಾಳುವ ಮದ್ಯ ಮಾಡಬಹುದು ಅಂತ ಸರ್ಕಾರವೇ ಒಪ್ಪಿದ ಮೇಲೆ, ಆ ಬಾಗಿಲು ಕಂಪ್ಲಿಯ ಬೆಲ್ಲದ ರೈತರ ಕಂಪನಿಗೂ ತೆರೆಯಬೇಕೋ ಬೇಡವೋ? ವರ್ಷಗಟ್ಟಲೆ ಬೆಂಗಳೂರಿಗೆ ಅಲೆಯುವ ತಾಕತ್ತು ಇದ್ದವನಿಗೆ ಮಾತ್ರ ಪರವಾನಗಿ ಅಂದರೆ ಅದು ನಿಯಮ ಅಲ್ಲ, ಬೇಲಿ.

ಗೋವಾ ಬೇಲಿ ಕಿತ್ತುಹಾಕಿದೆ. ಅಲ್ಲಿ ಗೇರುಹಣ್ಣಿನ ಫೆನಿಗೆ 2009ರಲ್ಲಿ ಜಿಐ ಮಾನ್ಯತೆ ಸಿಕ್ಕಿತು, 2016ರಲ್ಲಿ ಸರ್ಕಾರ ಅದನ್ನು ಪಾರಂಪರಿಕ ಪಾನೀಯ ಅಂತ ಘೋಷಿಸಿತು. ಫೆನಿ ಕಾಯಿಸುವ ಜಾಗಕ್ಕೆ ಅಲ್ಲೂ ‘ಭಟ್ಟಿ’ ಅಂತಲೇ ಹೆಸರು. ವಾಸ್ಕೋದಿಂದ ರೈಲು ಹತ್ತಿ ಹೊಸಪೇಟೆಗೆ ಇಳಿದು ಹಂಪಿಗೆ ಹೋಗುವ ಪ್ರವಾಸಿ ಗೋವಾದಲ್ಲಿ ಭಟ್ಟಿಯ ಮುಂದೆ ನಿಂತು ಫೋಟೊ ತೆಗೆಸಿಕೊಂಡು ಬಂದಿರುತ್ತಾನೆ. ನಮ್ಮಲ್ಲಿ ಆ ಶಬ್ದದ ಹಿಂದೆ ‘ಕಳ್ಳ’ ಸೇರಿಕೊಂಡಿದೆ. ಕೇರಳ 2022ರಲ್ಲಿ ಹಣ್ಣು ಮತ್ತು ತೋಟದ ಬೆಳೆಗಳಿಂದ ಸಣ್ಣ ಪ್ರಮಾಣದಲ್ಲಿ ವೈನ್ ಮಾಡಲು ಬೇರೆ ನಿಯಮವನ್ನೇ ತಂದಿತು. ಬಾಳೆ ಅಲ್ಲಿ ಬೆಳೆಯುವುದಕ್ಕಿಂತ ಬೇರೆ ಥರ ಇಲ್ಲಿ ಬೆಳೆಯುತ್ತದೆಯೇ?

ಹಂಪಿಯೊಳಗೆ ಮಾರಿ ಅಂತ ನಾವು ಹೇಳುತ್ತಿಲ್ಲ. ವಿರೂಪಾಕ್ಷನ ಊರಲ್ಲಿ ಮದ್ಯಕ್ಕೆ ಅವಕಾಶ ಇಲ್ಲ, ಇರಲೂ ಬಾರದು. ಆದರೆ ಕಮಲಾಪುರ, ಹೊಸಪೇಟೆಯ ಹೋಟೆಲುಗಳಲ್ಲಿ ಈಗಲೂ ಪ್ರವಾಸಿಗಳು ಕುಡಿಯುತ್ತಾರೆ. ಆ ದುಡ್ಡಿನಲ್ಲಿ ಈ ಮಣ್ಣಿನ ಕಬ್ಬು ಬೆಳೆದವನಿಗೆ, ಬಾಳೆ ಬೆಳೆದವನಿಗೆ ಒಂದು ಪೈಸೆಯೂ ಸೇರುವುದಿಲ್ಲ.

ಹೆಣ್ಣುಮಕ್ಕಳ ಪ್ರಶ್ನೆ

ಇಷ್ಟು ಓದಿ ಸಂಡೂರು, ಕೂಡ್ಲಿಗಿ ಕಡೆಯ ತಾಂಡಾದ ಅಕ್ಕ ಒಬ್ಬರು ಕೇಳಬಹುದು: ‘ಏನ್ರಪ್ಪಾ, ಇರೋ ಕುಡುಕರು ಸಾಲದೂಂತ ಇನ್ನೊಂದು ಅಂಗಡಿ ತೆಗೀಸ್ತೀರೇನು?’

ಈ ಪ್ರಶ್ನೆಗೆ ಉತ್ತರ ಕೊಡದವನಿಗೆ ಈ ವಿಷಯ ಮಾತಾಡುವ ಹಕ್ಕಿಲ್ಲ. 2019ರ ಜನವರಿಯಲ್ಲಿ ಸಾವಿರಾರು ಹೆಣ್ಣುಮಕ್ಕಳು ಮದ್ಯ ನಿಷೇಧಕ್ಕಾಗಿ ಚಿತ್ರದುರ್ಗದಿಂದ ಬೆಂಗಳೂರಿಗೆ ನಡೆದರು. ಅಕ್ರಮ ಮದ್ಯ ಮಾರಾಟ ನಿಲ್ಲಿಸಿ ಅನ್ನುವ ಮನವಿಪತ್ರಗಳು ನಮ್ಮ ತಾಲ್ಲೂಕು ಕಚೇರಿಗಳಿಗೆ ಬರುತ್ತಲೇ ಇವೆ. ಆ ಹೆಣ್ಣುಮಕ್ಕಳ ಸಿಟ್ಟು ನ್ಯಾಯದ್ದು.

ನಮ್ಮ ಉತ್ತರ ಎರಡು ಭಾಗದ್ದು. ಒಂದು, ಪೂರ್ತಿ ನಿಷೇಧ ಮನೆ ಉಳಿಸುತ್ತದೆ ಅನ್ನುವ ಭರವಸೆ ನಮಗಿಲ್ಲ. ಸಾರಾಯಿ ಬಂದ್ ಆಗಿ ವರ್ಷ ತುಂಬುವ ಮೊದಲೇ, 2008ರ ಮೇ ತಿಂಗಳಲ್ಲಿ, ಬೆಂಗಳೂರು–ಕೋಲಾರ ಸೀಮೆಯಲ್ಲಿ ಮತ್ತು ಪಕ್ಕದ ತಮಿಳುನಾಡಿನಲ್ಲಿ ವಿಷಮದ್ಯ ಕುಡಿದು ನೂರಕ್ಕೂ ಹೆಚ್ಚು ಜನ ಸತ್ತರು. ಬಿಹಾರದಲ್ಲಿ 2016ರಿಂದ ಸಂಪೂರ್ಣ ನಿಷೇಧ ಇದೆ. 2022ರ ಡಿಸೆಂಬರಿನಲ್ಲಿ ಅಲ್ಲಿನ ಸಾರಣ್ ಜಿಲ್ಲೆಯಲ್ಲಿ ಕಳ್ಳಭಟ್ಟಿಗೆ ಹತ್ತಾರು ಜೀವ ಹೋದವು. ಸತ್ತವರು ಯಾರೂ ಕ್ರಾಫ್ಟ್ ಬಿಯರ್ ಕುಡಿಯುವವರಲ್ಲ.

ಎರಡು, ನಾವು ಕೇಳುತ್ತಿರುವುದು ಈಗಿರುವ ಪಾಕೀಟಿನ ಮೇಲೆ ಇನ್ನೊಂದನ್ನು ಹೇರಿ ಅಂತ ಅಲ್ಲ. ಮೊದಲು ಕಿರಾಣಿ ಅಂಗಡಿಯ ಪಾಕೀಟು ನಿಲ್ಲಬೇಕು. ಅದು ನಿಲ್ಲದೆ ಸಣ್ಣ ಪರವಾನಗಿಯ ಮಾತೇ ಬೇಡ. ಅದು ನಿಂತ ಮೇಲೂ ಕೊನೆಯ ಮಾತು ಊರಿನ ಹೆಣ್ಣುಮಕ್ಕಳದೇ ಆಗಬೇಕು. ಮಹಾರಾಷ್ಟ್ರದಲ್ಲಿ ಇದಕ್ಕೆ ದಾರಿ ಇದೆ. ಊರಿನ ಮಹಿಳಾ ಮತದಾರರು ಸಹಿ ಹಾಕಿ ಕೇಳಿದರೆ ಮತದಾನ ನಡೆಸುತ್ತಾರೆ. ಮತಪತ್ರದಲ್ಲಿ ಎರಡೇ ಚಿತ್ರ: ನಿಂತ ಬಾಟಲಿ, ಅಡ್ಡ ಬಿದ್ದ ಬಾಟಲಿ. ಅರ್ಧಕ್ಕಿಂತ ಹೆಚ್ಚು ಹೆಣ್ಣುಮಕ್ಕಳು ಅಡ್ಡ ಬಾಟಲಿಗೆ ಒತ್ತಿದರೆ ಅಂಗಡಿಗೆ ಬೀಗ. ನಮ್ಮಲ್ಲಿ ಅಂಗಡಿ ಬೇಡ ಅನ್ನುವ ಹೆಣ್ಣುಮಕ್ಕಳಿಗೆ ಇರುವುದು ತಹಶೀಲ್ದಾರ್ ಕಚೇರಿಯ ಮೆಟ್ಟಿಲು ಮತ್ತು ಒಂದು ಸ್ವೀಕೃತಿ ಸೀಲು.

ಹಾಗಾದರೆ ಏನು ಮಾಡಬೇಕು?

ಹುದುಗಿಸಿದ್ದು ಬೇರೆ, ಭಟ್ಟಿ ಇಳಿಸಿದ್ದು ಬೇರೆ. ಎರಡಕ್ಕೂ ಒಂದೇ ಲಾಠಿ ಬೇಡ.

ಸೇಂದಿಗೆ ಮರಕ್ಕೆ ನಂಬರ್ ಹಾಕಿ, ಇಳಿಸುವವರ ಸಹಕಾರ ಸಂಘಕ್ಕೆ ಪರವಾನಗಿ ಕೊಡಿ. ಆ ದಿನ ಇಳಿಸಿದ್ದು ಆ ದಿನವೇ, ಮರದ ಹತ್ತಿರವೇ ಮಾರಾಟ ಆಗಲಿ. ಪೌಡರ್ ಪತ್ತೆಯಾದರೆ ಸಂಘದ ಪರವಾನಗಿ ರದ್ದು. ಆಗ ಸಂಘದವರೇ ಒಬ್ಬರನ್ನೊಬ್ಬರು ಕಾಯುತ್ತಾರೆ. ಬಾಳೆ, ದಾಳಿಂಬೆ, ನೇರಳೆಯಂಥ ಹಣ್ಣಿನ ವೈನ್‌ಗೆ ದ್ರಾಕ್ಷಿಗೆ ಕೊಟ್ಟ ಅನುಕೂಲವನ್ನೇ ಕೊಡಿ, ರೈತರು ಕಟ್ಟಬಹುದಾದ ಶುಲ್ಕ ಇಡಿ.

ಭಟ್ಟಿ ಇಳಿಸುವ ಬೆಲ್ಲದ ಮದ್ಯಕ್ಕೆ ಮಾತ್ರ ಬಿಗಿ ಬೇಕೇ ಬೇಕು. ಅದು ಮನೆ ಹಿತ್ತಲಿನ ಕೆಲಸ ಅಲ್ಲ, ತಪ್ಪಿದರೆ ಕಣ್ಣು ಹೋಗುತ್ತದೆ, ಜೀವ ಹೋಗುತ್ತದೆ. ಅದಕ್ಕೇ ರೈತ ಉತ್ಪಾದಕರ ಕಂಪನಿಗೆ ಒಂದು ಘಟಕ, ಜಿಲ್ಲೆಗೊಂದು ಪ್ರಯೋಗಾಲಯ, ಪ್ರತಿ ಹಬೆಗೂ ಮೆಥನಾಲ್ ಪರೀಕ್ಷೆ, ಮಾರಾಟ ಪಾನೀಯ ನಿಗಮದ ಡಿಪೊ ಮೂಲಕ. ಪಾಕೀಟಿನಲ್ಲಿ ಬೇಡ, ಬಾಟಲಿಯಲ್ಲಿ. ಸುಂಕವನ್ನು ಬ್ರಾಂಡಿನ ಗತ್ತು ನೋಡಿ ಅಲ್ಲ, ಒಳಗಿರುವ ಆಲ್ಕೋಹಾಲ್ ನೋಡಿ ಹಾಕಿ.

ಬೆಂಗಳೂರಿನ ಬಿಯರ್ ಟ್ಯಾಂಕಿಗೆ ಮಾಡಿದ್ದನ್ನೇ ನಾವು ಕೇಳುತ್ತಿರುವುದು: ಇಷ್ಟೇ ಮಾಡು, ಇಲ್ಲೇ ಮಾರು, ತಪಾಸಣೆಗೆ ಬಾಗಿಲು ತೆಗೆದಿಡು. ನಗರದವನಿಗೆ ಅದು ನಿಯಮ ಆಗಬಹುದಾದರೆ ನಮಗೂ ಆಗಬಹುದು.

ಇದ್ಯಾವುದೂ ಆಗದು, ಕುಡಿತ ಕೆಟ್ಟದ್ದು, ಹಳ್ಳಿಯವರನ್ನು ಕಾಪಾಡುವುದೇ ನಮ್ಮ ಧರ್ಮ ಅಂತ ಸರ್ಕಾರ ಹೇಳುವುದಾದರೆ ಅದೂ ಆಗಲಿ. ಆದರೆ ಆ ಧರ್ಮ 40,000 ಕೋಟಿ ಗುರಿಯ ಹಾಳೆಯಿಂದ ಶುರುವಾಗಲಿ. ಗುರಿ ಏರಿಸುತ್ತ ಹೋಗುವ ಕೈ ಒಂದು ಕೊಡ ಕೊಳೆ ಚೆಲ್ಲಿ ಫೋಟೊ ತೆಗೆಸಿಕೊಂಡರೆ ಅದಕ್ಕೆ ಮದ್ಯ ನಿಯಂತ್ರಣ ಅನ್ನಲು ಆಗುವುದಿಲ್ಲ. ಅಂಗಡಿಯವನು ಎದುರಂಗಡಿ ಮುಚ್ಚಿಸಿದ ಹಾಗೆ ಅದು.

ಮುಂದಿನ ಗ್ರಾಮಸಭೆಗೆ ಹೋದಾಗ ಒಂದು ಪ್ರಶ್ನೆ ಬರೆದುಕೊಂಡು ಹೋಗಿ: ನಮ್ಮ ಊರಿನಲ್ಲಿ ಪರವಾನಗಿ ಇಲ್ಲದೆ ಪಾಕೀಟು ಮಾರುವ ಜಾಗ ಎಷ್ಟು, ಅವುಗಳ ಮೇಲೆ ಈ ವರ್ಷ ಎಷ್ಟು ಪ್ರಕರಣ ಆಗಿದೆ? ಉತ್ತರವನ್ನು ನಡಾವಳಿಯಲ್ಲಿ ಬರೆಸಿ, ಅದರ ಫೋಟೊ ನಮಗೆ ಕಳಿಸಿ. ಊರಿನ ಹೆಸರಿನೊಂದಿಗೆ ಪ್ರಕಟಿಸುತ್ತೇವೆ.